ಬೆಸುಗೆ ಕಲಿಯಲು ಹೊರಟ ಕೂಸಿಗೆ

ಶಿರಸಿ,
ಭಾನುವಾರ ರಾತ್ರಿ

ಪ್ರೀತಿಯ ಕೂಸೆ,

ನಾಳೆ ಬೆಳಿಗ್ಗೆ ಕುಮಟೆ ಬಸ್ಸಿಗೆ ಬಿಡಲು ಬಂದಾಗ ನಾನು ಹೆಚ್ಚು ಮಾತಾಡುವುದಿಲ್ಲ. ಬಾಯಿ ತೆರೆದರೆ ಮತ್ತೆ ಗುರುವಾರ ರಾತ್ರಿಯ ಜಗಳವೇ ಆದೀತು. ಅದಕ್ಕೇ ಇದನ್ನು ಬರೆದು, ಮಿಡಿ ಉಪ್ಪಿನಕಾಯಿ ಬಾಟಲಿಗೆ ಸುತ್ತಿದ ಟವೆಲ್ಲಿನ ಒಳಗೆ ಇಟ್ಟಿದ್ದೇನೆ. ಕಾರವಾರ ಮುಟ್ಟಿ ಚೀಲ ಬಿಚ್ಚಿದಾಗ ಸಿಗಲಿ.

ಗುರುವಾರದ್ದನ್ನು ಇಲ್ಲಿ ಬರೆಯುವುದಿಲ್ಲ. ಯಾರು ಏನಂದೆವೆಂದು ಇಬ್ಬರಿಗೂ ನೆನಪಿದೆ. “ಕಿಡಿ ಹಾರಿಸಲಿಕ್ಕೆ ಇಷ್ಟು ಓದಬೇಕಿತ್ತಾ?” ಎಂದ ಒಂದು ಮಾತನ್ನು ಮಾತ್ರ ಹಿಂತೆಗೆದುಕೊಳ್ಳುತ್ತೇನೆ. ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುವ ತಾಯಿಯ ಬಾಯಲ್ಲಿ ಬರಬಾರದ ಮಾತು ಅದು. ಎಂಟನೇ ತರಗತಿ ಮುಗಿಸಿದವರೂ ಸೇರಬಹುದಾದ ಐಟಿಐಯ ವೆಲ್ಡರ್ ಟ್ರೇಡಿಗೆ ಪಿಯುಸಿ ವಿಜ್ಞಾನ ಮುಗಿಸಿದ ನೀನು ಹೋಗುತ್ತೀಯಲ್ಲ ಎಂದು ಸಂಕಟವಾಯಿತು. ಆ ಸಂಕಟ ಬಾಯಿಗೆ ಬರುವಾಗ ತಾತ್ಸಾರವಾಯಿತು. ತಪ್ಪಾಯಿತು, ಕೂಸೆ.

ಎಷ್ಟು ತಪ್ಪೆಂದು ತಿಳಿಯಲು ನಿನ್ನ ಟ್ರೇಡ್ ಪುಸ್ತಕ ಬಿಡಿಸಿದ್ದೇ ಸಾಕಾಯಿತು. ಆರಿಂಚಿನ ಪೈಪಿನ ಹೊರವ್ಯಾಸ 168.3 ಮಿ.ಮೀ. ಎರಡು ತುಂಡುಗಳನ್ನು ಓರೆಯಾಗಿ ಕತ್ತರಿಸಿ ತೊಂಬತ್ತು ಡಿಗ್ರಿಯ ಮೂಲೆ ಕೂಡಿಸಬೇಕೆಂದರೆ ಪೈಪಿಗೆ ಸುತ್ತುವ ಕಾಗದದ ಮಾದರಿ ಬೇಕು. ಸುತ್ತಳತೆ 529 ಮಿ.ಮೀ. ಅದನ್ನು 12 ಪಾಲು ಮಾಡಿದರೆ ಗೆರೆಯಿಂದ ಗೆರೆಗೆ 44. ಪ್ರತಿ ಗೆರೆಯ ಎತ್ತರ ಎಂದರೆ ಒಂದರಿಂದ ಆ ಕೋನದ ಕೊಸೈನ್ ಕಳೆದು ತ್ರಿಜ್ಯದಿಂದ ಗುಣಿಸಿದ್ದು: 0, 11.3, 42.1, 84.2, 126.2, 157, 168.3, ಆಮೇಲೆ ಅದೇ ಲೆಕ್ಕದಲ್ಲಿ ಇಳಿಕೆ. ಚುಕ್ಕಿ ಸೇರಿಸಿ, ಕಾಗದ ಕತ್ತರಿಸಿ ಸುತ್ತಿದರೆ ಓರೆ ಗೆರೆ ಸರಿಯಾಗಿ ಕೂರುತ್ತದೆ. ಇದು ಬಾರದವರು ಕಣ್ಣಂದಾಜಿನಲ್ಲಿ ಕತ್ತರಿಸುತ್ತಾರೆ. ಜೋಡಿಸುವಾಗ ಒಂದು ಪಕ್ಕ ಸಂದು ಬೀಳುತ್ತದೆ, ಸಂದಿಗೆ ರಾಡು ಕರಗಿಸಿ ತುಂಬುತ್ತಾರೆ, ಮುಂದೆ ಅಲ್ಲಿಂದಲೇ ಸೋರುತ್ತದೆ. ನೀನು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಕೊಸೈನಿಗೆ ಇಂಥ ಕೆಲಸ ಇದೆಯೆಂದು ನಾನು ಯೋಚಿಸಿಯೇ ಇರಲಿಲ್ಲ.

ಇಷ್ಟು ಒಪ್ಪಿದ ಮೇಲೂ ಹೆದರಿಕೆ ಹೋಗಿಲ್ಲ. ನಿನ್ನ ಮುಂದಿನ ವರ್ಷದ ಬಗ್ಗೆ ನನಗೆ ಹೆದರಿಕೆ ಇಲ್ಲ, ಕೈ ಚುರುಕಿದೆ, ಕೆಲಸ ಸಿಗುತ್ತದೆ. ನನ್ನ ಹೆದರಿಕೆ ನಿನ್ನ ಐವತ್ತನೇ ವರ್ಷದ್ದು.

ಅರ್ಥಶಾಸ್ತ್ರಜ್ಞ ಎರಿಕ್ ಹನುಶೆಕ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹನ್ನೊಂದು ದೇಶಗಳಲ್ಲಿ ಕಸುಬಿನ ಶಿಕ್ಷಣ ಪಡೆದವರನ್ನೂ ಸಾಮಾನ್ಯ ಶಿಕ್ಷಣ ಪಡೆದವರನ್ನೂ ವಯಸ್ಸಿನ ಪ್ರಕಾರ ಪಕ್ಕಪಕ್ಕ ಇಟ್ಟು ನೋಡಿದರು. ಹರೆಯದಲ್ಲಿ ಕಸುಬು ಕಲಿತವರೇ ಮುಂದೆ, ಅವರಿಗೆ ಬೇಗ ಕೆಲಸ. ವಯಸ್ಸು ಏರಿದಂತೆ ಆ ಮುನ್ನಡೆ ಕರಗುತ್ತದೆ. ಜರ್ಮನಿಯಲ್ಲಿ ಐವತ್ತರ ಹೊತ್ತಿಗೆ ಸಾಮಾನ್ಯ ಶಿಕ್ಷಣದವರು ಅವರನ್ನು ದಾಟುತ್ತಾರೆ. ಕೆಲಸ ಮಾಡುತ್ತಲೇ ಕಲಿಯುವ ಅಪ್ರೆಂಟಿಸ್ ಪದ್ಧತಿ ಗಟ್ಟಿಯಾಗಿ ಬೇರುಬಿಟ್ಟ ಡೆನ್ಮಾರ್ಕ್, ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲೇ ಇದು ಹೆಚ್ಚು ಎದ್ದು ಕಾಣುತ್ತದೆ. ಕಾರಣ ಕಷ್ಟದ್ದೇನಲ್ಲ. ಒಂದು ಯಂತ್ರಕ್ಕೆ, ಒಂದು ವಿಧಾನಕ್ಕೆ ಹೊಂದಿಸಿ ಕಲಿತ ಕೌಶಲ ಆ ವಿಧಾನದ ಜೊತೆಗೇ ಹಳತಾಗುತ್ತದೆ. ಹೊಸದು ಬಂದಾಗ ಮತ್ತೆ ಕಲಿಯಲು ಬೇಕಾದ ಓದು, ಲೆಕ್ಕ, ಕಾರಣ ಕೇಳುವ ಅಭ್ಯಾಸ ಚಿಕ್ಕಂದಿನಲ್ಲಿ ಸಿಕ್ಕಿರದಿದ್ದರೆ ಮನುಷ್ಯ ಅಲ್ಲೇ ನಿಲ್ಲುತ್ತಾನೆ.

ನಿನಗೀಗ ಹದಿನೆಂಟು. ಐವತ್ತಕ್ಕೆ ಮೂವತ್ತೆರಡು ವರ್ಷ. ಆ ಮೂವತ್ತೆರಡು ವರ್ಷದಲ್ಲಿ ರಾಡು ಹಿಡಿದು ಕೈಯಲ್ಲಿ ಬೆಸೆಯುವ ಕೆಲಸ ಎಷ್ಟು ಉಳಿದೀತು? ನೇರ ಉದ್ದದ ಜೋಡಣೆಗಳನ್ನು ಈಗಲೇ ಯಂತ್ರಗಳು ಬೆಸೆಯುತ್ತಿವೆ. ಇಕ್ಕಟ್ಟಿನ ಮೂಲೆ, ಹಡಗಿನ ಹೊಟ್ಟೆಯೊಳಗಿನ ರಿಪೇರಿ, ಒಂದೇ ಸಲ ಮಾಡಬೇಕಾದ ಕೆಲಸ ಇವು ಮನುಷ್ಯರ ಕೈಯಲ್ಲಿವೆ. ಅವೂ ಎಷ್ಟು ದಿನ? ಐವತ್ತರಲ್ಲಿ ಕಣ್ಣು ಮೊದಲಿನಂತೆ ಇರುವುದಿಲ್ಲ, ಮೊಣಕಾಲೂರಿ ಕೂರಲು ಆಗುವುದಿಲ್ಲ. ಆಗ ನೀನು ಯಾವ ಕೆಲಸಕ್ಕೆ ಜರುಗುತ್ತೀಯೆ ಎಂಬುದೇ ನನಗೆ ಕಣ್ಣಿಗೆ ಕಟ್ಟುವುದಿಲ್ಲ. ರಾತ್ರಿ ಎದ್ದು ಕೂತು ಇದನ್ನೇ ಯೋಚಿಸುತ್ತೇನೆ. ಗುರುವಾರ ಹೇಳಬೇಕಾಗಿದ್ದದ್ದು ಇದು.

ಅಡಿಕೆ ಕೊನೆ ಇಳಿಸುವ ನಮ್ಮ ಸೀಮೆಯ ಕೊನೆಗೌಡರನ್ನೇ ನೋಡು. ಅವರ ಕೈಯಲ್ಲಿ ಮೂರು ವಿದ್ಯೆ ಇದ್ದವು. ಒಂದು, ಮರ ಹತ್ತಿ, ಮರದಿಂದ ಮರಕ್ಕೆ ದಾಟುವುದು. ಎರಡು, ಯಾವ ಕೊನೆ ಎಳೆಯದಾಗಿ ಬೇಯಿಸುವ ರಾಶಿಗೆ ಹದವಾಗಿದೆ, ಯಾವುದನ್ನು ಹಣ್ಣಾಗಿಸಿ ಒಣಗಿಸುವ ಚಾಲಿಗೆ ಬಿಡಬೇಕು ಎಂದು ನೋಡಿದ ಕೂಡಲೇ ತಿಳಿಯುವುದು. ಮೂರು, ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹದ ಮಾಡುವುದು: ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್, ಬೇರೆ ಬೇರೆ ಕರಗಿಸಿ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುವುದು, ಉಜ್ಜಿದ ಕತ್ತಿ ಅದ್ದಿದಾಗ ಕೆಂಪು ಕೂತರೆ ಇನ್ನಷ್ಟು ಸುಣ್ಣ ಹಾಕುವುದು, ಮಳೆ ಹಿಡಿಯುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಹೊಡೆಯುವುದು. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದಲ್ಲಿ ನಿಂತೇ ಅರವತ್ತು ಅಡಿ ಎತ್ತರದ ಕೊನೆ ಇಳಿಸಬಹುದು, ಮದ್ದು ಹೊಡೆಯಬಹುದು. ಮೊದಲನೆಯ ವಿದ್ಯೆಯ ಬೆಲೆ ಇಳಿಯಿತು. ಎರಡನೆಯದೂ ಮೂರನೆಯದೂ ದೋಟಿಯ ಜೊತೆಗೆ ನಡೆದುಬಂದವು. ಹತ್ತುವುದೊಂದೇ ಗೊತ್ತಿದ್ದವರಿಗೆ ಮಂಡಿನೋವು ಶುರುವಾದ ದಿನ ಕಸುಬು ಮುಗಿಯಿತು, ಮೂರೂ ಗೊತ್ತಿದ್ದವರು ದೋಟಿ ಹಿಡಿದು ತೋಟದಲ್ಲೇ ಇದ್ದಾರೆ.

ನಿನ್ನ ಕಸುಬಿನಲ್ಲಿ ಹತ್ತುವುದು ಯಾವುದು, ಹದ ತಿಳಿಯುವುದು ಯಾವುದು? ಇದನ್ನು ಯೋಚಿಸುತ್ತ ನಿನ್ನ ಪುಸ್ತಕದಲ್ಲಿ 7018 ಎಂಬ ಬಗೆಯ ಬೆಸುಗೆ ರಾಡಿನ ಅಧ್ಯಾಯಕ್ಕೆ ಬಂದೆ. ಅದನ್ನು ಬಳಸುವ ಮೊದಲು ಒಲೆಯಲ್ಲಿ ಸಾಮಾನ್ಯವಾಗಿ 300ರಿಂದ 350 ಡಿಗ್ರಿಯಲ್ಲಿ ಒಂದೆರಡು ತಾಸು ಒಣಗಿಸಬೇಕು, ಆಮೇಲೆ 120 ಡಿಗ್ರಿಯ ಆಸುಪಾಸಿನ ಬೆಚ್ಚನೆಯ ಡಬ್ಬಿಯಲ್ಲಿಡಬೇಕು, ನಾಲ್ಕು ತಾಸು ಮೀರಿ ಹೊರಗಿದ್ದರೆ ಮತ್ತೆ ಒಣಗಿಸಬೇಕು. ಇದು ನಿಯಮ, ಯಾರಾದರೂ ಬಾಯಿಪಾಠ ಮಾಡಬಹುದು. ಕಾರಣ ಹೀಗೆ: ರಾಡಿನ ಲೇಪ ಗಾಳಿಯ ತೇವ ಹೀರುತ್ತದೆ. ಆ ನೀರು ಕಿಡಿಯ ಶಾಖದಲ್ಲಿ ಒಡೆದು ಜಲಜನಕವಾಗಿ ಕರಗಿದ ಉಕ್ಕಿನೊಳಗೆ ಸೇರುತ್ತದೆ. ಉಕ್ಕು ಬೇಗ ತಣಿದು ಗಡುಸಾಗಿ, ಎಳೆತಕ್ಕೂ ಸಿಕ್ಕಿದರೆ ಒಳಗೇ ಬಿರುಕು ಬಿಡುತ್ತದೆ. ಬೆಸೆದ ದಿನ ನೋಡಲು ಚೆಂದವೇ ಇರುತ್ತದೆ, ಬಿರುಕು ಮೂಡುವುದು ಒಂದೆರಡು ದಿನ ಬಿಟ್ಟು. ದಪ್ಪ ತಗಡನ್ನು ಬೆಸೆಯುವ ಮೊದಲು ಬಿಸಿ ಮಾಡುವುದೂ ಇದಕ್ಕೇ, ನಿಧಾನ ತಣಿದರೆ ಜಲಜನಕ ಹೊರಗೆ ಹೋಗಲು ಹೊತ್ತು ಸಿಗುತ್ತದೆ. ಇನ್ನು 6010 ರಾಡು ಇದೆಯಲ್ಲ, ಅದರ ಲೇಪಕ್ಕೆ ಸ್ವಲ್ಪ ತೇವ ಬೇಕೇ ಬೇಕು. ರಾಡು ಅಂದರೆ ಒಣಗಿಸುವುದು ಎಂದಷ್ಟೇ ಕಲಿತವರು ಇದನ್ನೂ ಒಲೆಗೆ ಹಾಕಿ ಕೆಡಿಸುತ್ತಾರೆ. ಕಾರವಾರದ ಮಳೆಗಾಲದಲ್ಲಿ, ಬಟ್ಟೆಯೂ ಒಣಗದ ಆ ಕಡಲಗಾಳಿಯಲ್ಲಿ, ಕಾರಣ ಗೊತ್ತಿದ್ದವರ ಕೆಲಸಕ್ಕೂ ನಿಯಮ ಮಾತ್ರ ಗೊತ್ತಿದ್ದವರ ಕೆಲಸಕ್ಕೂ ಎಷ್ಟು ಅಂತರ ಬಿದ್ದೀತೆಂದು ನೀನೇ ನೋಡುತ್ತೀಯೆ.

ನಿನ್ನ ಹದ ತಿಳಿಯುವ ವಿದ್ಯೆ ಇದೇ ಕೂಸೆ. ಲೋಹದ ಗುಣ, ಶಾಖದ ಲೆಕ್ಕ, ನಕ್ಷೆ ಓದುವುದು. ರಾಡಿನ ಬದಲು ಲೇಸರ್ ಬಂದರೂ ಉಕ್ಕು ತಣಿಯುವ ರೀತಿ ಬದಲಾಗುವುದಿಲ್ಲ.

ಹಸಿರು ಕ್ರಾಂತಿಯ ಕಾಲದ ನಮ್ಮ ದೇಶದ ರೈತರ ಬಗ್ಗೆ ಆಂಡ್ರ್ಯೂ ಫಾಸ್ಟರ್ ಮತ್ತು ಮಾರ್ಕ್ ರೋಸೆನ್‌ಜ್ವೀಗ್ 1996ರಲ್ಲಿ ತೋರಿಸಿದ್ದೂ ಇದನ್ನೇ. ಹೊಸ ತಳಿಯ ಬೀಜ ಚೆನ್ನಾಗಿ ಹತ್ತಿದ ಕಡೆ ಪ್ರಾಥಮಿಕ ಶಾಲೆ ಓದಿದ ರೈತನಿಗೆ ಹೆಚ್ಚು ಲಾಭವಾಯಿತು. ಬೇಸಾಯ ಬದಲಾಗದ ಕಡೆ ಓದಿನಿಂದ ಅಷ್ಟು ಲಾಭ ಕಾಣಲಿಲ್ಲ. ಅಜ್ಜ ಮಾಡಿದ್ದನ್ನೇ ಮಾಡಲು ಅಜ್ಜನನ್ನು ನೋಡಿದರೆ ಸಾಕು. ಅಜ್ಜ ಕಾಣದ್ದನ್ನು ಮಾಡಬೇಕಾದಾಗ ಓದು ಬೇಕು.

ಈಗ ಹೆಮ್ಮೆಯ ಮಾತು, ಇದನ್ನೂ ಎದುರಿಗೆ ಹೇಳಿಲ್ಲ. ಮೈಕೆಲ್ ಕ್ರೆಮರ್ 1993ರಲ್ಲಿ ‘ಓ-ರಿಂಗ್’ ಎಂಬ ಸಿದ್ಧಾಂತ ಬರೆದರು. 1986ರ ಜನವರಿ 28ರಂದು ಚಾಲೆಂಜರ್ ಗಗನನೌಕೆ ಹಾರಿದ 73 ಸೆಕೆಂಡಿಗೆ ಚೂರಾಯಿತಲ್ಲ, ಚಳಿಗೆ ಗಡುಸಾದ ಓ-ರಿಂಗ್ ಎಂಬ ಒಂದು ರಬ್ಬರ್ ಬಳೆಯಿಂದ. ಸಾವಿರ ಭಾಗ ಸರಿಯಿದ್ದು ಒಂದು ಕೆಟ್ಟರೂ ಎಲ್ಲವೂ ಹೋಗುವ ಕೆಲಸಗಳಲ್ಲಿ ಕೌಶಲಗಳು ಕೂಡುವುದಿಲ್ಲ, ಗುಣಾಕಾರವಾಗುತ್ತವೆ ಎಂಬುದು ಅವರ ವಾದ. ಒಂದು ಪೈಪ್‌ಲೈನಿನಲ್ಲಿ ಇಪ್ಪತ್ತು ಜೋಡಣೆ ಇವೆ ಎಂದುಕೊ. ಪ್ರತಿಯೊಂದೂ ನೂರಕ್ಕೆ 99 ಸಲ ಸರಿ ಬರುವ ಕೈಗಳಿದ್ದರೆ ಇಡೀ ಲೈನು ಸರಿಯಾಗುವ ಸಂಭವ ನೂರಕ್ಕೆ 82. 95ರ ಕೈಗಳಾದರೆ 36. 90ರವಾದರೆ 12. ಒಬ್ಬೊಬ್ಬರ ಕೌಶಲದಲ್ಲಿ ಒಂಬತ್ತೇ ಅಂಕದ ವ್ಯತ್ಯಾಸ, ಫಲದಲ್ಲಿ ಏಳು ಪಟ್ಟು. ಬಡದೇಶಕ್ಕೂ ಶ್ರೀಮಂತ ದೇಶಕ್ಕೂ ನಡುವಿನ ಅಂತರ ಅಷ್ಟು ದೊಡ್ಡದೇಕೆ ಎನ್ನುವುದಕ್ಕೆ ಇದು ಒಂದು ಉತ್ತರ.

ನೀನು ಹೋಗುವ ಊರಿನ ಪಕ್ಕದಲ್ಲೇ ಉದಾಹರಣೆ ಇದೆ. ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೇ ಘಟಕ 2018ರ ಡಿಸೆಂಬರ್ 31ರ ತನಕ 962 ದಿನ ಒಮ್ಮೆಯೂ ನಿಲ್ಲದೆ ಓಡಿ ಜಗತ್ತಿನ ದಾಖಲೆ ಮಾಡಿತು. ಅಷ್ಟು ದಿನವೂ ಒಂದೊಂದು ವಾಲ್ವು, ಒಂದೊಂದು ಬೆಸುಗೆ ತಡೆದು ನಿಂತಿತ್ತು. ಆ ಸುದ್ದಿಯಲ್ಲಿ ವೆಲ್ಡರುಗಳ ಹೆಸರು ಬಂದದ್ದನ್ನು ನಾನು ಕಾಣೆ. ನೀನು ಹೊರಟಿರುವುದು ಅಂಥವರ ಸಾಲಿಗೆ.

ನಿನ್ನ ಕಸುಬಿನ ಇನ್ನೊಂದು ವಿಷಯ ನನ್ನ ಮನಸ್ಸಿಗೆ ತುಂಬ ಹಿಡಿಸಿತು. ಒತ್ತಡದ ಪೈಪುಗಳನ್ನು ಬೆಸೆಯುವ ವೆಲ್ಡರ್ ಒಂದು ವಿಧಾನದಲ್ಲಿ ಆರು ತಿಂಗಳು ಕೆಲಸ ಮಾಡದಿದ್ದರೆ ಆ ವಿಧಾನದ ಅರ್ಹತೆ ಬಿದ್ದುಹೋಗುತ್ತದೆ, ಮತ್ತೆ ತುಂಡು ಬೆಸೆದು ತೋರಿಸಬೇಕು. ನನ್ನ ಪದವಿ ಪತ್ರವನ್ನು ಯಾರೂ ಹೀಗೆ ಕೇಳುವುದಿಲ್ಲ. ನಮ್ಮ ದೇಶದ ಕಷ್ಟ ಇಲ್ಲೇ ಇದೆ ಎನ್ನಿಸುತ್ತದೆ. ಎಷ್ಟು ವರ್ಷ ಶಾಲೆಗೆ ಹೋದರು ಎಂದು ಎಣಿಸುತ್ತೇವೆ, ಏನು ಬರುತ್ತದೆ ಎಂದು ನೋಡುವುದಿಲ್ಲ. ಮಕ್ಕಳ ಓದು, ಲೆಕ್ಕ ಅಳೆಯುವ ‘ಅಸರ್’ ಸಮೀಕ್ಷೆಯಲ್ಲಿ, 2022ರಲ್ಲಿ, ಗ್ರಾಮೀಣ ಭಾರತದ ಐದನೇ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಎರಡನೇ ತರಗತಿಯ ಪಾಠ ಓದಲು ಬರಲಿಲ್ಲ. ದೇಶಗಳ ಬೆಳವಣಿಗೆಯನ್ನು ಅಳೆದವರಿಗೂ ಇದೇ ಕಂಡಿದೆ. ಶಾಲೆಯ ವರ್ಷಗಳಿಗಿಂತ ಮಕ್ಕಳ ಓದು, ಲೆಕ್ಕದ ನಿಜವಾದ ಮಟ್ಟ ಮುಂದಿನ ಬೆಳವಣಿಗೆಗೆ ಹೆಚ್ಚು ಹೊಂದಿಕೊಳ್ಳುತ್ತದೆ. ಓದು ಬಾರದ ಮಗುವನ್ನು ಮುಂದಿನ ತರಗತಿಗೆ ದಾಟಿಸುವುದು ತೇವದ ರಾಡಿನಲ್ಲಿ ಬೆಸೆದ ಹಾಗೆ. ಆ ವರ್ಷ ಏನೂ ಕಾಣುವುದಿಲ್ಲ.

ಮತ್ತೆ ಇದು ಬೇಗ ಸರಿಯಾಗುವ ಸಂಗತಿಯೂ ಅಲ್ಲ. ಈ ಜೂನಿನಲ್ಲಿ ಒಂದನೇ ತರಗತಿಯ ಪಾಠ ಸುಧಾರಿಸಿದರೂ ಆ ಮಕ್ಕಳು ದುಡಿಮೆಗೆ ಇಳಿಯಲು ಕನಿಷ್ಠ 12 ವರ್ಷ. ಒಬ್ಬರು 40 ವರ್ಷ ದುಡಿಯುತ್ತಾರೆಂದರೆ ದುಡಿಯುವವರಲ್ಲಿ ವರ್ಷಕ್ಕೆ ಹೊಸಬರು ನಲವತ್ತರಲ್ಲಿ ಒಂದು ಪಾಲು, ಶೇ 2.5. ಹತ್ತು ವರ್ಷಕ್ಕೆ ಕಾಲು ಭಾಗ. ಎಲ್ಲರೂ ಹೊಸ ಪಾಠ ಕಲಿತವರಾಗಲು 12 ಮತ್ತು 40 ಸೇರಿ 52 ವರ್ಷ. ಐದು ವರ್ಷಕ್ಕೊಮ್ಮೆ ಮತ ಕೇಳುವವರಿಗೆ ಇಷ್ಟು ದೂರದ ಫಲ ಬೇಕಾಗುವುದಿಲ್ಲ. ಅಂಕೋಲೆ ದಾಟುವಾಗ ಗೋಖಲೆ ಶತಮಾನೋತ್ಸವ ಕಾಲೇಜು ನೆನಪಾಗಲಿ. ಗೋಪಾಲಕೃಷ್ಣ ಗೋಖಲೆ 1911ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡುವತ್ತ ಮಸೂದೆ ತಂದರು, ಮರುವರ್ಷ 38ಕ್ಕೆ 13 ಮತಗಳಿಂದ ಅದು ಬಿತ್ತು. ಶಿಕ್ಷಣದ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ, 98 ವರ್ಷ ಕಳೆದು. ಆ ನಡುವೆ ನಮ್ಮ ಜಿಲ್ಲೆಯ ಪುಣ್ಯಕ್ಕೆ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಶಾಲೆಗಳನ್ನು ತೆರೆದರು. ದಕ್ಷಿಣ ಕೊರಿಯ ನಮ್ಮಂತೆಯೇ ಹೊರಟ ದೇಶ. 1945ರಲ್ಲಿ ಅಲ್ಲಿ ಐವರಲ್ಲಿ ಸುಮಾರು ನಾಲ್ವರಿಗೆ ಓದು ಬರುತ್ತಿರಲಿಲ್ಲ, ನಮ್ಮಲ್ಲಿ 1951ರಲ್ಲಿ ಸಾಕ್ಷರರು ಶೇ 18. ಅವರು ಮೊದಲು ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಾಲೆ, ಆಮೇಲೆ ಮಾಧ್ಯಮಿಕ, ಆಮೇಲೆ ಎಪ್ಪತ್ತರ ದಶಕದಲ್ಲಿ ಹಡಗುಕಟ್ಟೆ, ಉಕ್ಕಿನ ಕಾರ್ಖಾನೆಗಳ ಜೊತೆ ಕಸುಬಿನ ಶಾಲೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿದರು. ಅವರ ವೆಲ್ಡರುಗಳಿಗೆ ಓದು ಮೊದಲು ಬಂತು, ಕಸುಬು ಅದರ ಮೇಲೆ ಕೂತಿತು. ಬೆಳವಣಿಗೆಯಲ್ಲಿ ಸಣ್ಣದೆನಿಸುವ ವ್ಯತ್ಯಾಸವೂ ಕೊನೆಗೆ ದೊಡ್ಡದಾಗುತ್ತದೆ: ತಲಾ ಆದಾಯ ವರ್ಷಕ್ಕೆ ಶೇ 2ರಂತೆ ಏರಿದರೆ ನಿನ್ನ ಐವತ್ತರ ಹೊತ್ತಿಗೆ ಈಗಿನ 1.9 ಪಟ್ಟು, ಶೇ 4ರಂತೆ ಏರಿದರೆ 3.5 ಪಟ್ಟು.

ಮತ್ತೆ ಐವತ್ತಕ್ಕೇ ಬಂದೆ ನೋಡು.

52 ವರ್ಷ ಕಾಯಲಾಗದಿದ್ದರೆ ಈಗ ದುಡಿಯುತ್ತಿರುವವರಿಗೇ ಕಲಿಸಬೇಕು. ಅಪ್ರೆಂಟಿಸ್ ಕಾಯ್ದೆ 1961ರಿಂದ ಇದೆ. ಮೂವತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕು. ಹೀಗಿದ್ದೂ ನಮ್ಮ ಯುವಜನರಲ್ಲಿ ಕ್ರಮವಾದ ಕಸುಬಿನ ತರಬೇತಿ ಪಡೆದವರು ನೂರಕ್ಕೆ ಐದಕ್ಕಿಂತ ಕಡಿಮೆ. ಕಲಿತವರನ್ನು ಪಕ್ಕದ ಕಂಪನಿ ಕರೆದುಕೊಂಡು ಹೋದರೆ ಕಲಿಸಿದ ಖರ್ಚು ಯಾರಿಗೆ ಎಂಬುದೇ ತೊಡಕು. ಗ್ಯಾರಿ ಬೆಕರ್ ಅರವತ್ತರ ದಶಕದಲ್ಲೇ ಹೇಳಿದ್ದರು, ಎಲ್ಲಿಗೂ ಒಯ್ಯಬಹುದಾದ ವಿದ್ಯೆಯ ಖರ್ಚನ್ನು ಕೊನೆಗೆ ಕಲಿಯುವವರೇ ಹೊರುತ್ತಾರೆ ಎಂದು. ನಿನ್ನ ಸ್ಟೈಪೆಂಡ್ ಕಡಿಮೆ ಇರುವುದು ಅದಕ್ಕೇ. ಹಾಗಾಗಿ ಆ ಕಡಿಮೆ ಹಣಕ್ಕೆ ಬದಲಾಗಿ ವಿದ್ಯೆಯನ್ನು ಪೂರ್ತಿ ವಸೂಲಿ ಮಾಡಿಕೊ. ಐಟಿಐಯ ವರ್ಷ ಮುಗಿದು ಅಪ್ರೆಂಟಿಸ್ ಸೇರುವ ಮೊದಲು ಕೇಳು: ಕಲಿಸಲೆಂದೇ ಬೇರೆ ಮನುಷ್ಯ ಇದ್ದಾರಾ? ಎಷ್ಟು ವಿಭಾಗ ಸುತ್ತಿಸುತ್ತಾರೆ? ಕೊನೆಗೆ ಟ್ರೇಡ್ ಟೆಸ್ಟಿಗೆ ಕಳಿಸುತ್ತಾರಾ? ಮೂರಕ್ಕೂ ಉತ್ತರ ತಡವರಿಸಿದರೆ ಅಲ್ಲಿ ನಿನ್ನನ್ನು ಹೆಲ್ಪರ್ ಮಾಡಿ ಇಡುತ್ತಾರೆ, ಬೇರೆ ಕಡೆ ನೋಡು.

ಉಪದೇಶ ಉದ್ದವಾಗುತ್ತಿದೆ. ಆದರೂ ಇದೊಂದು. ದಿನಾ ಪುಸ್ತಕದಲ್ಲಿ ಬರೆ: ತಗಡಿನ ದಪ್ಪ, ಯಾವ ರಾಡು, ಎಷ್ಟು ಆಂಪಿಯರ್, ಯಾವ ಭಂಗಿ, ಹೇಗೆ ಬಂತು. 3.15 ಮಿ.ಮೀ. 7018 ರಾಡಿಗೆ 100ರಿಂದ 140 ಆಂಪಿಯರ್ ಎಂದಿದೆ. ಕಡಿಮೆಯಾದರೆ ಕಿಟ್ಟ ಒಳಗೆ ಸಿಕ್ಕಿಕೊಳ್ಳುತ್ತದೆ, ಹೆಚ್ಚಾದರೆ ಅಂಚು ಕೊರೆದು ಹೋಗುತ್ತದೆ. ನಿನ್ನ ಕೈಗೆ ಯಾವ ಅಂಕಿ ಹೊಂದುತ್ತದೆ ಎಂದು ಆ ಪುಸ್ತಕ ಹೇಳಬೇಕು. ಎರಡು ಮೂರು ವರ್ಷ ಕೈ ಪಳಗಿದ ಮೇಲೆ ಬೆಸುಗೆಯ ತಪಾಸಣೆ ಕಲಿ, ಎಕ್ಸ್‌ರೇ, ಅಲ್ಟ್ರಾಸಾನಿಕ್. ಪಿಯುಸಿ ವಿಜ್ಞಾನದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶ ಇದೆ, ಆ ಬಾಗಿಲನ್ನು ಮರೆಯಬೇಡ. ನೀನೇ ಬೆಸೆದು ಗೊತ್ತಿದ್ದರೆ ಇನ್ನೊಬ್ಬರ ಬೆಸುಗೆಯ ಒಳಗು ನೋಡುವ ಕಣ್ಣು ಬರುತ್ತದೆ, ಆ ಕಣ್ಣಿಗೆ ಮೊಣಕಾಲೂರಿ ಕೂರುವ ಕಷ್ಟ ಕಡಿಮೆ. ನನ್ನ ಐವತ್ತರ ಪ್ರಶ್ನೆಗೆ ಸಿಕ್ಕ ಉತ್ತರ ಸದ್ಯ ಇದೊಂದೇ. ನಿನಗೆ ಇನ್ನೂ ಒಳ್ಳೆಯದು ಕಂಡರೆ ಬರೆ. ಫೋನಿನಲ್ಲಿ ಬೇಡ, ನಾನು ನಡುವೆ ಬಾಯಿ ಹಾಕುತ್ತೇನೆ.

ಚೀಲದಲ್ಲಿ ನಾಲ್ಕು ಹತ್ತಿಯ ಪೂರ್ತಿ ತೋಳಿನ ಅಂಗಿ ಇವೆ. ಪಾಲಿಯೆಸ್ಟರ್ ಹಾಕಿ ವರ್ಕ್‌ಶಾಪಿಗೆ ಹೋಗಬೇಡ, ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಸತು ಬಳಿದ ತಗಡು ಕೊಟ್ಟರೆ ಬೆಸೆಯುವ ಜಾಗದ ಲೇಪ ಉಜ್ಜಿ ತೆಗೆದ ಮೇಲೇ ಶುರುಮಾಡು, ಆ ಬಿಳಿ ಹೊಗೆ ಜ್ವರ ಬರಿಸುತ್ತದೆ. ಮುಖಕವಚದ ಗಾಜು ಹತ್ತು ಅಥವಾ ಹನ್ನೊಂದರ ಶೇಡ್ ಇರಲಿ. ಪಕ್ಕದವರು ಕಿಡಿ ಹೊತ್ತಿಸುವಾಗ ಬರಿಗಣ್ಣಲ್ಲಿ ನೋಡಬೇಡ.

ಬಾಗಿಸಿ ನೋಡುವ ಪರೀಕ್ಷೆ ಇರುತ್ತದಂತೆ, ಬೆಸೆದ ಪಟ್ಟಿಯನ್ನು ‘ಯು’ ಆಕಾರಕ್ಕೆ ಬಗ್ಗಿಸಿ ಮೂರು ಮಿ.ಮೀ.ಗಿಂತ ದೊಡ್ಡ ಬಿರುಕು ಬಿಟ್ಟರೆ ಫೇಲು. ನಿನ್ನ ಮೊದಲ ಪಟ್ಟಿ ಬಿರಿದರೆ ಗುಜರಿಗೆ ಹಾಕಬೇಡ. ದೀಪಾವಳಿಗೆ ಬರುವಾಗ ತಾ. ಎಲ್ಲಿ ಬಿರಿದಿದೆ, ಯಾಕೆ ಬಿರಿದಿದೆ ಎಂದು ನನಗೆ ತೋರಿಸಿ ಹೇಳು.

ನಿನ್ನ
ಆಯಿ